ಬಾಯಿಸಾಕ್ಷಿ

ನಾಯಿ ಸೊಪ್ಪು ತಿನ್ನುವುದಿಲ್ಲ. ಅದಕ್ಕೇ ಹನುಮಂತಯ್ಯನ ಮನೆಯವರು ನನ್ನ ಅತ್ತೆಯನ್ನು ಕರೆಸುತ್ತಿದ್ದರು.

ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ. ನನ್ನ ಹೆಸರು ಅರುಣಾ. ತವರು ಬಾಣಾವರ, ಸ್ಟೇಷನ್ನಿನ ಹಿಂದಿನ ಬೀದಿ. ಮದುವೆಯಾಗಿ ಈ ಊರಿಗೆ ಬಂದೆ. ಹಳೇಬೀಡು ದಾಟಿ, ಬಸ್ತಿಹಳ್ಳಿ ದಾಟಿ, ಬಸ್ಸಿಳಿದು ಇನ್ನಷ್ಟು ನಡೆದರೆ ಸಿಗುವ ಊರು. ಗಂಡ ಧರ್ಮೇಶ ಅರಸೀಕೆರೆಯಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಮಾವ ತೀರಿಕೊಂಡು ಬಹಳ ಕಾಲವಾಯಿತು. ಅತ್ತೆ ರುದ್ರಮ್ಮನಿಗೂ ನನಗೂ ಕೂಲಿ ಇದ್ದಾಗ ಕೂಲಿ, ಇಲ್ಲದಾಗ ಸೊಪ್ಪು.

ಸೊಪ್ಪು ಅಂದರೆ ಯಾರೋ ಮಡಿ ಕಟ್ಟಿ ಬೆಳೆದದ್ದಲ್ಲ. ನಮ್ಮೂರ ದೊಡ್ಡಕಟ್ಟೆ ಕೆರೆಯ ದಂಡೆಯಲ್ಲಿ, ಕೆಸರಿನಲ್ಲಿ, ತಾನಾಗಿ ಏಳುವುದು. ನೀರಿನ ಅಂಚಿಗೆ ಹೊನಗೊನೆ, ಒಂದೆಲಗ, ಕನ್ನೆಸೊಪ್ಪು. ಸ್ವಲ್ಪ ಮೇಲೆ ಗೋಣಿಸೊಪ್ಪು, ಅಣ್ಣೆಸೊಪ್ಪು. ಬೇಲಿಯ ಬುಡಕ್ಕೆ ಗಣಿಕೆ. ಎಲ್ಲ ಸೇರಿಸಿ ಬೇಯಿಸಿ ಬಸಿದರೆ ಬೆರಕೆ ಸೊಪ್ಪಿನ ಬಸ್ಸಾರು. ಅದೂ ಒಂದು ಮುದ್ದೆಯೂ ಇದ್ದರೆ ಕೇರಿಯ ಹೊಟ್ಟೆ ತುಂಬುತ್ತದೆ. ಅಂಗಡಿಯ ತರಕಾರಿ ನಮ್ಮ ಕೇರಿಗೆ ಬರುವುದು ನೆಂಟರು ಬಂದಾಗ ಮಾತ್ರ.

ಕೀಳುವ ಕೆಲಸ ನೋಡುವುದಕ್ಕೆ ಸುಲಭ. ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಲ್ಲಬೇಕು. ಕುಡುಗೋಲು ಹಾಕುವ ಹಾಗಿಲ್ಲ, ಬುಡ ಅಲುಗಾಡದಂತೆ ಕುಡಿಯನ್ನು ಉಗುರಿನಲ್ಲಿ ಚಿವುಟಬೇಕು. ಮೀನಖಂಡಕ್ಕೆ ಜಿಗಣೆ ಹತ್ತುತ್ತದೆ. ಸೊಂಟ ಹಿಡಿದುಕೊಳ್ಳುತ್ತದೆ. ಉಗುರು ಹಸಿರಾಗಿ ಆಮೇಲೆ ಕಪ್ಪಾಗುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮದುವೆ ಮನೆಯಲ್ಲಿ ಬಳೆ ತೋರಿಸುವಾಗಲೂ ನಾವು ಬೆರಳು ಮಡಿಸಿಕೊಂಡೇ ತೋರಿಸುವುದು.

ಗುರುತು ಕಲಿಸಿದವಳು ಅತ್ತೆ. ಹೊನಗೊನೆಯ ಬಿಳಿ ಹೂವು ಗೆಣ್ಣಿಗೆ ಅಂಟಿಕೊಂಡು ಕೂತಿರಬೇಕು. ಅದರ ಹಾಗೇ ಕಾಣುವ ಇನ್ನೊಂದಿದೆ. ಅದರ ಹೂವು ಕಡ್ಡಿಯ ಮೇಲೆ ಎದ್ದು ನಿಂತಿರುತ್ತದೆ, ಹಿಸುಕಿದರೆ ಕಾಂಡ ಟೊಳ್ಳು. ಅದನ್ನು ಬಿಟ್ಟುಬಿಡಬೇಕು. ಕೆಸುವಿನ ಎಲೆಯಾದರೆ ಮುಂಗೈಗೆ ಉಜ್ಜಿ, ನವೆ ಬರುತ್ತದೋ ಅಂತ ಕಾಯಬೇಕು. ಕಣ್ಣಿಗೂ ಕೈಗೂ ಅನುಮಾನ ಹೋಗದಿದ್ದರೆ ಮುಂದಿನ ಹಲ್ಲಿನಲ್ಲಿ ಕಚ್ಚಿ, ನಾಲಿಗೆಯ ತುದಿಗೆ ಮುಟ್ಟಿಸಿ, ಉಗುಳಿಬಿಡಬೇಕು. ನಮ್ಮ ಹೊಟ್ಟೆಗಾಗಿ ನಾವು ಮಾಡಿಕೊಳ್ಳುವ ಪರೀಕ್ಷೆ ಇಷ್ಟೇ. ಊರ ಜಮೀನುದಾರ ಹನುಮಂತಯ್ಯನ ಹಿತ್ತಿಲಲ್ಲಿ ನಡೆಯುತ್ತಿದ್ದದ್ದು ಬೇರೆ.

ಅದಕ್ಕೆ ಬಾಯಿಸಾಕ್ಷಿ ಅಂತ ಹೆಸರು. ಆ ಮನೆಯ ಮುತ್ತಜ್ಜ ಯಾವುದೋ ಕಾಲದಲ್ಲಿ ಸೊಪ್ಪಿನ ಸಾರು ಉಂಡು ವಾಂತಿ ಮಾಡಿಕೊಂಡು ಸತ್ತನಂತೆ. ಸೊಪ್ಪಿನಿಂದ ಸತ್ತನೋ ಹೆಂಡದಿಂದ ಸತ್ತನೋ ನೋಡಿದವರು ಯಾರೂ ಉಳಿದಿಲ್ಲ. ಸೊಪ್ಪು ಕಿತ್ತುಕೊಟ್ಟವಳು ನಮ್ಮ ಕೇರಿಯವಳು. ಅವತ್ತು ಕೇರಿಯನ್ನೆಲ್ಲ ಕೆರೆಯ ಏರಿಯ ಮೇಲೆ ನಿಲ್ಲಿಸಿ ಹೊಡೆದರು. ಹೊಡೆದು ಕೈಸೋತ ಮೇಲೆ ಒಂದು ಕಟ್ಟಳೆ ಮಾಡಿದರು. ಸೊಪ್ಪು ತಂದವಳು ಪ್ರತಿಯೊಂದು ಬಗೆಯಲ್ಲೂ ಒಂದೊಂದು ಎಲೆಯನ್ನು ಹಸಿಯಾಗಿ ಅವರ ಕಣ್ಣೆದುರೇ ಅಗಿದು ನುಂಗಬೇಕು. ನುಂಗಿದ ಮೇಲೆ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಆಮೇಲೆ ಕೊಟ್ಟಿಗೆಯ ಪಕ್ಕದ ಚಪ್ಪಡಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತಿರಬೇಕು. ಅವಳು ಸಾಯಲಿಲ್ಲ ಅಂತ ಖಾತ್ರಿಯಾದ ಮೇಲೆ ಸೊಪ್ಪಿಗೆ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡು ಹೋಗುತ್ತಾರೆ. ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ, ಇದು ನಮ್ಮ ಮನೆಗೇ ಅಂಟಿಕೊಂಡು ಬಂದಿತ್ತು.

ಸೊಪ್ಪು ತಿಂದು ಸತ್ತ ಆ ಮುತ್ತಜ್ಜನಿಗೇ ಪಿತೃಪಕ್ಷದಲ್ಲಿ ಬೆರಕೆ ಸೊಪ್ಪಿನ ಎಡೆ! ಅವನಿಗೆ ಬಹಳ ಇಷ್ಟವಂತೆ. ಕೇಳಿದಾಗ ನನಗೆ ನಗು ಬಂತು. ಅತ್ತೆ ನಗಲಿಲ್ಲ.

ಅತ್ತೆಗೆ ಅದೊಂದು ಹೆಮ್ಮೆ. ನನ್ನ ಹೊಟ್ಟೆ ಉರಿಯುವುದು ಇಲ್ಲೇ. ಕೇರಿಯ ಬೇರೆ ಹೆಂಗಸರು ಆ ಮನೆಯ ಹಿತ್ತಿಲಿಗೂ ಕಾಲಿಡುವ ಹಾಗಿರಲಿಲ್ಲ, ಇವಳು ಚಪ್ಪಡಿಯವರೆಗೆ ಹೋಗುತ್ತಿದ್ದಳು. ಅಷ್ಟಕ್ಕೇ ಎದೆಯುಬ್ಬಿಸಿ ಬರುತ್ತಿದ್ದಳು. ನಾನು ಮೊದಲ ಸಲ ನೋಡಿದ ದಿನ, ಬಾಯಿ ತೆರೆದು ನಾಲಿಗೆ ಎತ್ತಿದ ಮುದುಕಿಯನ್ನು ನೋಡಲಾಗದೆ ಗೋಡೆಯ ಕಡೆ ತಿರುಗಿ ನಿಂತೆ. ದಾರಿಯಲ್ಲಿ ಜಗಳವಾಡಿದೆ. ನಮ್ಮ ಬಾಣಾವರದಲ್ಲಿ ಸೊಪ್ಪು ಬೇಕಾದರೆ ಕೊಳ್ಳುತ್ತಾರೆ, ಬೇಡವಾದರೆ ಬಿಡುತ್ತಾರೆ, ನಿನಗೆ ಮಾನ ಮರ್ಯಾದೆ ಇಲ್ಲವಾ ಅಂದೆ.

"ನಿಂಗೇನು ಗೊತ್ತಮ್ಮಿ," ಅಂದಳು. "ನನ್ನ ನಾಲಿಗೆ ಮ್ಯಾಲೆ ಆ ಮನೆ ನಿಂತೈತೆ."

ಅವಮಾನವನ್ನು ಅಧಿಕಾರ ಅಂದುಕೊಳ್ಳುವಂತೆ ಮಾಡುವುದಕ್ಕೆ ಎಷ್ಟು ತಲೆಮಾರು ಬೇಕಾಯಿತೋ ಗೊತ್ತಿಲ್ಲ. ಮಾಡಿದವರು ಮಾತ್ರ ಪಕ್ಕಾ ಕೆಲಸಗಾರರು.

ಹನುಮಂತಯ್ಯನ ಮಗ ಶರತ್ ಓದಿದವನು. ಹೊಸ ಕಾಲದ ಬೇಸಾಯಗಾರ. ತೆಂಗಿನ ತೋಟದಿಂದ ಕೆಳಗೆ ಕೆರೆಯಂಗಳಕ್ಕೆ ಇಳಿದು ಜೆಸಿಬಿ ಬಿಟ್ಟು ನೆಲ ಸಮ ಮಾಡಿ ಶುಂಠಿ ಹಾಕಿದ್ದ. ಕೆರೆ ಸರ್ಕಾರದ್ದು, ಶುಂಠಿ ಶರತನದು. ಕೇಳುವವರು ಯಾರು? ದಂಡೆಗೆ ಇಳಿಯುವ ಕಾಲುದಾರಿ ಆ ಹೊಲದ ಬದುವಿನ ಮೇಲೇ. ನಾವು ಹೋಗುವಾಗೆಲ್ಲ ಶುಂಠಿ ತುಳಿಯಬೇಡಿ ಅಂತ ಕೂಗುತ್ತಿದ್ದ. ಕೆರೆಯನ್ನೇ ತುಳಿದವನು.

ಈ ಸಲದ ಪಕ್ಷದ ದಿನ ಬೆಳಗಿನ ಜಾವ ಅತ್ತೆಯೂ ನಾನೂ ದಂಡೆಗೆ ಇಳಿದೆವು. ಶುಂಠಿ ಹೊಲದ ಕೆಳಗೆ ಹೊನಗೊನೆ ದಟ್ಟವಾಗಿತ್ತು. ಇಬ್ಬನಿ ಕೂತು ಎಲೆ ಫಳಫಳ ಅನ್ನುತ್ತಿತ್ತು. ಅತ್ತೆ ಹೂವು ನೋಡಿದಳು, ಗೆಣ್ಣು ನೋಡಿದಳು, ಕಾಂಡ ಹಿಸುಕಿದಳು. ಹೊನಗೊನೆಯೇ. ಅನುಮಾನ ಪಡುವುದಕ್ಕೆ ಏನೂ ಇರಲಿಲ್ಲ. ಮಡಿಲು ತುಂಬ ಕಿತ್ತೆವು.

ಹಿತ್ತಿಲಲ್ಲಿ ಹನುಮಂತಯ್ಯನ ಹೆಂಡತಿ ಸಾವಿತ್ರಮ್ಮ ಸ್ನಾನ ಮಾಡಿ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ನಿಂತಿದ್ದಳು. ಅತ್ತೆ ಚಪ್ಪಡಿಯ ಮೇಲೆ ಕೂತು ಒಂದೊಂದೇ ಎಲೆ ಬಾಯಿಗೆ ಹಾಕಿಕೊಂಡಳು. ಗಣಿಕೆ ಆಯಿತು. ಅಣ್ಣೆಸೊಪ್ಪು ಆಯಿತು. ಹೊನಗೊನೆ ಹಾಕಿಕೊಂಡವಳು ಅಗಿಯುವುದನ್ನು ನಿಲ್ಲಿಸಿದಳು. ಮುಖ ಕಿವುಚಿಕೊಂಡಿತು. ಉಗುಳುವುದಕ್ಕೆ ಪಕ್ಕಕ್ಕೆ ಬಗ್ಗಿದಳು.

"ಇದ್ರಾಗೆ ಏನೋ ಐತೆ ಅಮ್ಮಾರೆ. ಒಲೆಗೆ ಹಾಕ್ಬ್ಯಾಡಿ."

"ಪಕ್ಷದ ದಿನ ನನ್ನ ಹಿತ್ತಲಲ್ಲಿ ಉಗುಳ್ತೀಯೇನೇ?" ಅಂದಳು ಸಾವಿತ್ರಮ್ಮ. "ಎಡೆ ಇಡೋ ಮನೆ ಇದು. ನುಂಗು."

ಅತ್ತೆ ನನ್ನ ಕಡೆ ನೋಡಿದಳು. ಉಗುಳು ಅಂತ ನಾನು ಕೂಗಿದೆ. ಅವಳು ಸಾವಿತ್ರಮ್ಮನ ಕಡೆ ನೋಡಿದಳು. ನುಂಗಿದಳು. ಆಮೇಲೆ, ಯಾರೂ ಕೇಳದಿದ್ದರೂ, ರೂಢಿಯ ಪ್ರಕಾರ ಬಾಯಿ ತೆರೆದು ನಾಲಿಗೆ ಎತ್ತಿದಳು.

ಅಷ್ಟರಲ್ಲಿ ಶರತ್ ಬಂದ. ಕೈಯಲ್ಲಿ ಕಾಫಿ ಲೋಟ. ಏನು ಗಲಾಟೆ ಅಂದ. ಸೊಪ್ಪು ನೋಡಿದ. ಎಲ್ಲಿ ಕಿತ್ತಿರಿ ಅಂತ ಕೇಳಿದ. ನಿಮ್ಮ ಶುಂಠಿ ಹೊಲದ ಕೆಳಗೆ ಅಂದೆ. ಅವನ ಕೈಯ ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಅತ್ತೆಯ ಮುಖ ನೋಡಿದ. ಆಮೇಲೆ ಅಮ್ಮನ ಕಡೆ ತಿರುಗಿ, ಸೊಪ್ಪಿಗೆ ಹುಳ ಬಿದ್ದಿದೆ, ಒಳಗೆ ತರಬೇಡ, ತಿಪ್ಪೆಗೆ ಹಾಕಿಸು ಅಂದ. ಒಳಗೆ ಹೋಗಿಬಿಟ್ಟ.

ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಅವನಿಗೆ ಗೊತ್ತಾಯಿತು. ತನ್ನ ಮನೆಯ ಒಲೆಗೆ ಹಾಕಬೇಡ ಅಂತ ಹೇಳುವುದಕ್ಕೆ ಅವನಿಗೆ ಬಾಯಿ ಬಂತು. ನುಂಗಿ ಕೂತವಳಿಗೆ ಒಂದು ಮಾತು ಹೇಳುವುದಕ್ಕೆ ಬರಲಿಲ್ಲ. ವಾಂತಿ ಮಾಡಿಕೋ ಅಂದಿದ್ದರೂ ಸಾಕಿತ್ತು.

ಸಾಯಂಕಾಲಕ್ಕೆ ಅತ್ತೆಯ ನಾಲಿಗೆ ಬಿಳಿಚಿಕೊಂಡು ಸಿಪ್ಪೆ ಏಳತೊಡಗಿತು. ನೀರು ಕುಡಿದರೂ ವಾಂತಿ. ಗಂಟಲು ಉರಿ ಉರಿ ಅಂತ ಮಣ್ಣಿನ ಗೋಡೆಗೆ ಕೆನ್ನೆ ಒತ್ತಿಕೊಂಡಳು. ಧರ್ಮೇಶ ಗೂಡ್ಸ್ ಆಟೋ ತಂದ. ಹಿಂದೆ ಚಾಪೆ ಹಾಸಿ ಮಲಗಿಸಿದೆವು. ಹಳೇಬೀಡಿನಲ್ಲಿ ದೇವಸ್ಥಾನದ ಮುಂದೆ ಟೂರಿಸ್ಟ್ ಬಸ್ಸುಗಳು ರಸ್ತೆ ಕಟ್ಟಿದ್ದವು. ಐಸ್‌ಕ್ರೀಮ್ ತಿನ್ನುತ್ತ ನಿಂತವರು ಆಟೋದೊಳಗೆ ಇಣುಕಿ ನೋಡಿದರು. ಹಾಸನದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳು ಮಾತಾಡುವುದನ್ನು ಬಿಟ್ಟಿದ್ದಳು.

ಮರುದಿನ ಮಧ್ಯಾಹ್ನ ಕೇರಿಯಿಂದ ಉಷಾರಾಣಿಯ ಫೋನು. ಉಷಾರಾಣಿ ನಮ್ಮ ಪಕ್ಕದ ಮನೆಯವಳು, ನಮ್ಮ ಜೊತೆ ಸೊಪ್ಪು ಕೀಳುವವಳು. ದಂಡೆ ಸುಟ್ಟ ಹಾಗೆ ಆಗಿದೆ ಅಂದಳು. ಪೂರ್ತಿ ದಂಡೆ ಅಲ್ಲ. ಶರತನ ಶುಂಠಿ ಎಲ್ಲಿ ಶುರುವಾಗುತ್ತದೋ ಅಲ್ಲಿಂದ, ಎಲ್ಲಿ ಮುಗಿಯುತ್ತದೋ ಅಲ್ಲಿಗೆ, ಗೆರೆ ಎಳೆದ ಹಾಗೆ ಕಂದು. ನಾವು ಕೀಳುವುದಕ್ಕೆ ಹಿಂದಿನ ಸಾಯಂಕಾಲ ಕಳೆ ಔಷಧಿ ಹೊಡೆದಿದ್ದಾನೆ. ನಾವು ಬೆಳಿಗ್ಗೆ ಇಬ್ಬನಿಯ ಜೊತೆ ಅದನ್ನೂ ಕಿತ್ತುಕೊಂಡು ಬಂದಿದ್ದೆವು.

ಡಾಕ್ಟರು ಕೇಳಿದ್ದು ಒಂದೇ. ಯಾವ ಔಷಧಿ? ಕಳೆ ಔಷಧಿಯಲ್ಲಿ ಹತ್ತಾರು ಬಗೆ ಇದೆ, ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ಮಾಡಬಾರದು, ಹೆಸರು ತನ್ನಿ ಅಂದರು. ಅತ್ತೆಗೆ ಉಸಿರಾಟ ಕಷ್ಟವಾಗತೊಡಗಿತ್ತು. ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು.

ಧರ್ಮೇಶ ಶರತನ ಮನೆಗೆ ಹೋದ. ಜಗಳಕ್ಕೆ ಹೋಗಲಿಲ್ಲ. ಕೇಸು ಮಾಡಲ್ಲ, ಬಾಯಿ ಬಿಡಲ್ಲ, ಡಬ್ಬದ ಮೇಲಿನ ಹೆಸರು ಒಂದು ಹೇಳಿ ಸಾಕು ಅಂತ ಕೈ ಮುಗಿದನಂತೆ. ನನ್ನ ಗಂಡ ಕೈ ಮುಗಿದ ಅನ್ನುವುದು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಶರತ್ ನಿಂತುಕೊಂಡೇ, ನಾನು ಏನೂ ಹೊಡೆದಿಲ್ಲ ಅಂದ. ಹೊಡೆದೆ ಅಂದರೆ ಕೆರೆಯ ನೆಲದಲ್ಲಿ ಶುಂಠಿ ಹಾಕಿದ್ದೂ ಒಪ್ಪಿಕೊಳ್ಳಬೇಕು. ಕಂದಾಯದವರು ಬರುತ್ತಾರೆ. ಕೆರೆಯ ಮೀನು ಗುತ್ತಿಗೆ ಹಿಡಿದವರು ಬರುತ್ತಾರೆ. ಒಂದು ಬೆಳೆ ಶುಂಠಿಗೆ ಒಂದು ಮುದುಕಿ. ತಕ್ಕಡಿಯಲ್ಲಿ ಯಾವುದು ಮೇಲೆದ್ದಿತು ಅಂತ ಹೇಳಬೇಕಾಗಿಲ್ಲ.

ಔಷಧಿ ಅಂಗಡಿಗೆ ಹೋದರೆ ನಮಗೆ ನೆನಪಿಲ್ಲ ಅಂದರು. ತಿಪ್ಪೆ ಕೆದಕಿದರೆ ಡಬ್ಬ ಇರಲಿಲ್ಲ. ಠಾಣೆಯಲ್ಲಿ ಯಾರು ನೋಡಿದವರು ಅಂತ ಕೇಳಿದರು. ದಿನ ಹೋಗುತ್ತಿತ್ತು. ಮಾಸ್ಕು ಹಾಕಿದ ಅತ್ತೆಯ ಎದೆ ತಿದಿ ಒತ್ತಿದ ಹಾಗೆ ಏಳುತ್ತಿತ್ತು, ಬೀಳುತ್ತಿತ್ತು.

ಧರ್ಮೇಶನನ್ನು ಆಸ್ಪತ್ರೆಯಲ್ಲಿ ಬಿಟ್ಟು ನಾನು ಮನೆಗೆ ಬಂದಿದ್ದಾಗ ಹನುಮಂತಯ್ಯ ಕೇರಿಗೆ ಬಂದ. ಕೇರಿಗೆ ಅಂದರೆ ಕೇರಿಯ ಬಾಯಿಗೆ. ಬೇವಿನ ಮರದ ಕೆಳಗೆ ಬೈಕು ನಿಲ್ಲಿಸಿ ಅಲ್ಲಿಂದಲೇ ನನ್ನನ್ನು ಕರೆಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಮಾತಾಡಿದ. ರುದ್ರಿಗೆ ವಯಸ್ಸಾಗಿತ್ತು, ಏನು ತಿಂದಿದ್ದಳೋ ಏನೋ ಅಂದ. ಆಸ್ಪತ್ರೆಯ ಖರ್ಚು ನೋಡಿಕೊಳ್ಳೋಣ ಅಂದ. ಆಮೇಲೆ ಬಂದ ಕೆಲಸಕ್ಕೆ ಬಂದ. ಸೊಪ್ಪು ತಿಪ್ಪೆ ಪಾಲಾಗಿ ಅವತ್ತು ಎಡೆ ಅರ್ಧವಾಯಿತಂತೆ. ಹಿರಿಯರು ಹಸಿದುಕೊಂಡು ಹೋದರಂತೆ. ಮನೆಯಲ್ಲಿ ಕೆಟ್ಟ ಕನಸು ಬೀಳುತ್ತಿದೆಯಂತೆ. ಮಹಾಲಯ ಅಮಾವಾಸ್ಯೆಗೆ ನೆಂಟರನ್ನೆಲ್ಲ ಕರೆದು ಮತ್ತೆ ಎಡೆ ಇಡುತ್ತಾರಂತೆ.

"ಅತ್ತೆ ಇಲ್ದಿದ್ರೆ ಸೊಸೆ. ನೀನು ಸೊಪ್ಪು ತರಬೇಕು, ಚಪ್ಪಡಿ ಮೇಲೆ ಕೂರಬೇಕು," ಅಂದ. "ಇಲ್ಲಾಂದ್ರೆ ದಾರಿಗೆ ತಂತಿ ಹಾಕ್ಸ್ತೀನಿ. ಆಮೇಲೆ ಕೇರಿಯೋರು ಯಾರೂ ಕೆರೆಗೆ ಇಳಿಯಂಗಿಲ್ಲ."

ನನ್ನ ಅತ್ತೆ ಸಾಯುತ್ತಿದ್ದಳು. ಅವನು ಮುಂದಿನ ಬಾಯಿ ಹುಡುಕಿಕೊಂಡು ಬಂದಿದ್ದ.

ಅವನು ಹೋದ ಮೇಲೆ ಕೇರಿಯಲ್ಲೇ ಎರಡು ಮಾತಾಯಿತು. ಒಂದು ಎಲೆ ತಾನೇ, ತಿಂದುಬಿಡು, ದಾರಿ ಹೋದರೆ ನಮ್ಮ ಮಕ್ಕಳಿಗೆ ಸಾರಿಗೆ ಏನು ಹಾಕೋಣ ಅಂದರು ಕೆಲವರು. ಅವರನ್ನು ಬೈಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ಹಸಿವು ಅವರ ಮನೆಯದೇ, ಅವರು ಸುಳ್ಳು ಹೇಳುತ್ತಿರಲಿಲ್ಲ. ಉಷಾರಾಣಿ ಮಾತ್ರ, ಆ ಚಪ್ಪಡಿ ಮೇಲೆ ನೀನು ಕೂತರೆ ನಿನ್ನ ಮನೆಯ ನೀರು ಮುಟ್ಟಲ್ಲ ಅಂದಳು. ನಾನು ಹೋಗುತ್ತೇನೆ ಅಂದೆ. ಅವಳು ಎದ್ದು ಹೋಗುತ್ತಿದ್ದಳು, ಕೈ ಹಿಡಿದು ಕೂರಿಸಿದೆ. ಏನು ಮಾಡುತ್ತೇನೆ ಅಂತ ಹೇಳಿದೆ. ಸೊಪ್ಪು ಕೀಳುವವರೆಲ್ಲ ಹಿತ್ತಿಲ ಗೋಡೆಯ ಆಚೆ ಓಣಿಯಲ್ಲಿ ಬಂದು ನಿಂತಿರಿ ಅಂದೆ.

ಅಮಾವಾಸ್ಯೆಯ ದಿನ ಆ ಮನೆ ತುಂಬ ಜನ. ಹಾರನಹಳ್ಳಿಯಿಂದ ಬೀಗರು ಬಂದಿದ್ದರು. ಶರತನ ಹೆಂಡತಿ ದಿವ್ಯಾ ಎಲೆ ತೊಳೆಯುತ್ತಿದ್ದಳು. ಸಾಕ್ಷಿ ನೋಡುವುದಕ್ಕೆ ಅಂತಲೇ ಗಂಡಸರೂ ಹಿತ್ತಿಲಿಗೆ ಬಂದು ನಿಂತರು. ಹಳೇ ಪದ್ಧತಿ, ಈಗ ಎಲ್ಲೂ ನೋಡುವುದಕ್ಕೆ ಸಿಗುವುದಿಲ್ಲ ಅಂತ ಹನುಮಂತಯ್ಯ ಬೀಗರಿಗೆ ಹೇಳುತ್ತಿದ್ದ. ಒಬ್ಬರು ಮೊಬೈಲು ತೆಗೆದು ಹಿಡಿದಿದ್ದರು.

ನಾನು ಚಪ್ಪಡಿಯ ಮೇಲೆ ಪುಟ್ಟಿ ಇಟ್ಟೆ. ಕೂರಲಿಲ್ಲ.

"ಇವತ್ತು ನಾನು ತಿನ್ನಲ್ಲ," ಅಂದೆ. "ಇದು ನಿಮ್ಮ ಶುಂಠಿ ಹೊಲದ ಕೆಳಗಿನ ಹೊನಗೊನೆ. ಒಣಗಿದ ಬುಡದಾಗೆ ಮತ್ತೆ ಚಿಗುರಿತ್ತು, ಅದನ್ನೇ ಕಿತ್ತು ತಂದಿದೀನಿ. ಶರತಣ್ಣ ಏನೂ ಹೊಡ್ದಿಲ್ಲ ಅಂದವ್ರೆ. ಒಂದೆಲೆ ಅವರು ತಿನ್ಲಿ."

ಶುಂಠಿ ಹೊಲದ ಕೆಳಗಿನದು ಅಂದದ್ದು ಸುಳ್ಳು. ಕೋಡಿ ದಾಟಿ, ಕೆರೆಯ ಆಚೆ ದಡಕ್ಕೆ ಹೋಗಿ ಕಿತ್ತಿದ್ದೆ. ಅಲ್ಲಿಯವರೆಗೆ ಯಾರ ಔಷಧಿಯೂ ಮುಟ್ಟಿರಲಿಲ್ಲ. ಕಿತ್ತ ಮೇಲೆ ನಾನೇ ಎಲ್ಲದರಲ್ಲೂ ಒಂದೊಂದು ಕುಡಿ ತಿಂದು ನೋಡಿದ್ದೆ. ವಿಷ ಉಣಿಸುವ ಜನ ನಾವಲ್ಲ.

ಹನುಮಂತಯ್ಯ, ಅಧಿಕಪ್ರಸಂಗ ಮಾಡಬೇಡ, ಕೂತುಕೋ ಅಂದ. ನಾನು ಹೊನಗೊನೆಯ ಒಂದು ಕುಡಿ ಎತ್ತಿ ಶರತನ ಕಡೆ ಹಿಡಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು. ಬೀಗರು ಅವನ ಮುಖ ನೋಡಿದರು. ಕೆಳಜಾತಿಯವಳ ಕೈ ಮುಟ್ಟಿದ್ದನ್ನು ತಿನ್ನಬೇಕಾ ಅಂದ ಶರತ್. ಸೊಪ್ಪು ಇಷ್ಟು ತಲೆಮಾರು ನಮ್ಮ ಕೈಯಿಂದಲೇ ಬಂದದ್ದು, ನೀರು ಚಿಮುಕಿಸಿಕೊಂಡು ತಿನ್ನಿ ಅಂದೆ.

ಸಾವಿತ್ರಮ್ಮನಿಗೆ ತಡೆಯಲಾಗಲಿಲ್ಲ. ಬೀಗರ ಮುಂದೆ ಮಗನ ಮಾನ ಹೋಗುತ್ತಿತ್ತು. ಅವಳು ಮಗನ ಮಾತನ್ನು ನಂಬಿದ್ದಳು. ಹುಳ ಬಿದ್ದಿತ್ತು ಅಂತಲೇ ತಿಳಿದಿದ್ದಳು.

"ನನ್ನ ಮಗ ಹೊಡ್ದಿಲ್ಲ ಅಂದ್ಮೇಲೆ ಹೊಡ್ದಿಲ್ಲ. ತಾ ಇಲ್ಲಿ," ಅಂತ ಬಂದು, ಪುಟ್ಟಿಯಿಂದಲೇ ಒಂದು ಹಿಡಿ ಕಿತ್ತು ಬಾಯಿಯ ಹತ್ತಿರ ತಂದಳು.

ಶರತ್ ಹಾರಿ ಬಂದು ಅವಳ ಕೈಗೆ ಹೊಡೆದ. ಸೊಪ್ಪು ನೆಲಕ್ಕೆ ಚೆಲ್ಲಿತು.

"ತಿನ್ಬೇಡಮ್ಮ. ಪ್ಯಾರಾಕ್ವಾಟ್ ಅದು. ಒಂದು ಗುಟುಕಿಗೆ ಸಾಯ್ತಾರೆ."

ನನ್ನ ಗಂಡ ಕೈ ಮುಗಿದು ಕೇಳಿದಾಗ ಸಿಗದ ಹೆಸರು. ಅವನಿಗೆ ಬಾಯಿಪಾಠವಾಗಿತ್ತು. ಒಂದು ಗುಟುಕಿಗೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ಗೊತ್ತಿದ್ದುಕೊಂಡೇ ಅವತ್ತು ಕಾಫಿ ಲೋಟ ಹಿಡಿದು ಒಳಗೆ ಹೋಗಿದ್ದ.

ಹನುಮಂತಯ್ಯ ಮೊದಲು ಚೇತರಿಸಿಕೊಂಡ. ಹುಡುಗ ಗಾಬರಿಯಲ್ಲಿ ಏನೋ ಅಂದ, ಯಾರೂ ಏನೂ ಕೇಳಿಸಿಕೊಂಡಿಲ್ಲ ಅಂತ ಬೀಗರ ಕಡೆ ನೋಡಿದ. ಬೀಗರು ಕಾಲಿನ ಹೆಬ್ಬೆರಳು ನೋಡಿಕೊಂಡರು. ಮೊಬೈಲು ಹಿಡಿದಿದ್ದವರು ಜೇಬಿಗೆ ಹಾಕಿಕೊಂಡರು.

"ನಾವು ಕೇಳ್ಸ್ಕೊಂಡ್ವಿ," ಅಂತ ಗೋಡೆಯ ಆಚೆಯಿಂದ ಉಷಾರಾಣಿಯ ದನಿ ಬಂತು. ಆಮೇಲೆ ಒಬ್ಬೊಬ್ಬರೇ ಗೋಡೆಯ ಮೇಲೆ ಮುಖ ಎತ್ತಿದರು. ಒಂದು ಎಲೆ ತಾನೇ ತಿಂದುಬಿಡು ಅಂದಿದ್ದವರೂ ಇದ್ದರು.

ನಾನು ಅಲ್ಲೇ, ಅವರ ಚಪ್ಪಡಿಯ ಪಕ್ಕದಲ್ಲೇ ನಿಂತು ಧರ್ಮೇಶನಿಗೆ ಫೋನು ಮಾಡಿದೆ. ಆ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದೆ. ಅವನು ವಾರ್ಡಿನ ಕಡೆ ಓಡುವ ಸದ್ದು ಕೇಳಿಸಿತು. ಹೆಸರು ಕೇಳಿದ ಕೂಡಲೇ ಡಾಕ್ಟರು ಮಾಡಿದ ಮೊದಲ ಕೆಲಸ, ಅತ್ತೆಯ ಮುಖದ ಮೇಲಿನ ಆಕ್ಸಿಜನ್ ಮಾಸ್ಕ್ ತೆಗೆದದ್ದು. ಈ ಒಂದು ವಿಷಕ್ಕೆ ಆಕ್ಸಿಜನ್ ಕೊಟ್ಟರೆ ಶ್ವಾಸಕೋಶ ಇನ್ನಷ್ಟು ಸುಡುತ್ತದಂತೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಕೊಡಬೇಕಂತೆ. ಅಷ್ಟು ದಿನ, ಬದುಕಲಿ ಅಂತ ಕೊಟ್ಟ ಗಾಳಿಯೇ ಅವಳನ್ನು ಒಳಗಿಂದ ಸುಡುತ್ತಿತ್ತು. ಹೆಸರು ಮೊದಲ ದಿನವೇ ಸಿಕ್ಕಿದ್ದರೆ ಅಂತ ಡಾಕ್ಟರು ಮಾತು ಶುರು ಮಾಡಿ ಅರ್ಧಕ್ಕೆ ಬಿಟ್ಟರಂತೆ. ಅವರು ಬಿಟ್ಟ ಅರ್ಧವನ್ನು ನಾನು ದಿನಾ ಪೂರ್ತಿ ಮಾಡಿಕೊಳ್ಳುತ್ತೇನೆ.

ಅತ್ತೆ ಉಳಿದಳು. ಉಳಿದಳು ಅಂದರೆ ಮನೆಗೆ ಬಂದಳು. ನಾಲಿಗೆ ಮಾಗಿತು, ಆದರೆ ಉಪ್ಪು ಹಾಕಿದರೂ ಗೊತ್ತಾಗುವುದಿಲ್ಲ, ಬಿಟ್ಟರೂ ಗೊತ್ತಾಗುವುದಿಲ್ಲ. ಹಿತ್ತಲಿನಿಂದ ಒಲೆಯವರೆಗೆ ನಡೆದರೆ ಕೂತು ಉಸಿರೆಳೆದುಕೊಳ್ಳಬೇಕು. ಏರಿ ಹತ್ತುವುದು ಇನ್ನು ಈ ಜನ್ಮದಲ್ಲಿ ಇಲ್ಲ. ಠಾಣೆಯಲ್ಲಿ ದೂರು ಬರೆಸಿದೆವು. ಗೋಡೆಯ ಮೇಲೆ ಮುಖ ಎತ್ತಿದವರೆಲ್ಲ ಬಂದು ಹೆಸರು ಕೊಟ್ಟರು. ದಾರಿಗೆ ತಂತಿ ಬಿತ್ತು. ಈಗ ಕೋಡಿಯ ಕಡೆಯಿಂದ ಸುತ್ತಿ, ಸೊಂಟದವರೆಗೆ ನೀರಿನಲ್ಲಿ ಇಳಿದು ಹೋಗುತ್ತೇವೆ.

ದೂರು ಮೇಲಿನವರೆಗೆ ಹೋದ ಮೇಲೆ ಹನುಮಂತಯ್ಯ ಮತ್ತೆ ಬಂದ. ಈ ಸಲ ಬೇವಿನ ಮರದ ಹತ್ತಿರ ನಿಲ್ಲಲಿಲ್ಲ. ಕೇರಿಯೊಳಗೆ ನಡೆದು ಬಂದು ನಮ್ಮ ಬಾಗಿಲಲ್ಲಿ ನಿಂತ. ಕೈಚೀಲದಲ್ಲಿ ಎಳನೀರು, ಒಂದು ಸೀರೆ. ಅತ್ತೆ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅವನನ್ನು ನೋಡಿ ರೂಢಿಯಂತೆ ಏಳುವುದಕ್ಕೆ ಹೋದಳು. ಆಗಲಿಲ್ಲ. ಕೇಸು ನಿಲ್ಲುವುದು ಅವಳ ಹೇಳಿಕೆಯ ಮೇಲೆ. ಇವನು ನಕ್ಕು ಮಾತಾಡಿಸಿದರೆ ಕರಗುವವಳು ಅವಳು. ಅವಳನ್ನು ನಾನು ಅಷ್ಟು ವರ್ಷದಿಂದ ನೋಡಿದ್ದೆ.

ಅವನಿಗೂ ಅದು ಗೊತ್ತಿತ್ತು. ನಿನ್ನ ನಾಲಿಗೆಯ ಮೇಲೇ ನಮ್ಮ ಮನೆ ನಿಂತಿತ್ತು ರುದ್ರಿ ಅಂದ. ಹುಡುಗನ ಜೀವನ ಹಾಳಾಗುತ್ತದೆ, ಅವತ್ತು ನೀನು ಬೇರೆ ಎಲ್ಲೋ ಏನೋ ತಿಂದಿದ್ದೆ ಅಂತ ಒಂದು ಮಾತು ಹೇಳಿಬಿಡು, ಇದೊಂದನ್ನು ಹೊಟ್ಟೆಗೆ ಹಾಕಿಕೋ ಅಂದ. ಸೀರೆ ತೆಗೆದು ಜಗಲಿಯ ಮೇಲಿಟ್ಟ.

ಅತ್ತೆ ಸೀರೆಯನ್ನು ನೋಡಿದಳು. ನಾನು ಬಾಯಿ ತೆರೆಯುವುದರೊಳಗೆ ಕೈಯೆತ್ತಿ ನನ್ನನ್ನು ತಡೆದಳು.

"ನುಂಗು ಅಂದ್ರು," ಅಂದಳು. ಉಸಿರೆಳೆದುಕೊಂಡಳು. "ನುಂಗ್ದೆ." ಮತ್ತೆ ಉಸಿರೆಳೆದುಕೊಂಡಳು. "ಇನ್ನ ನುಂಗಾಕಿಲ್ಲ ಕಣಯ್ಯ."

ಜೀವಮಾನದಲ್ಲಿ ಅವನನ್ನು ಬುದ್ಧಿ ಅನ್ನದೆ ಮಾತಾಡಿಸಿದವಳಲ್ಲ ಅವಳು. ಹನುಮಂತಯ್ಯ ಸೀರೆಗೆ ಕೈ ಹಾಕಿ ಹಿಂದಕ್ಕೆ ತೆಗೆದ. ತಂದದ್ದನ್ನು ಬಿಟ್ಟು ಹೋಗಬೇಕೋ ಎತ್ತಿಕೊಂಡು ಹೋಗಬೇಕೋ ತಿಳಿಯದೆ ನಿಂತಿದ್ದ. ಎತ್ತಿಕೊಂಡು ಹೋಗಿ ಅಂದೆ. ಅವನು ಎಳನೀರನ್ನೂ ಸೀರೆಯನ್ನೂ ಚೀಲಕ್ಕೆ ತುಂಬಿಕೊಂಡು, ಕೇರಿಯ ಹೆಂಗಸರು ಬಾಗಿಲುಬಾಗಿಲಲ್ಲಿ ನಿಂತು ನೋಡುತ್ತಿರುವಾಗ, ಅಷ್ಟುದ್ದ ಓಣಿಯನ್ನು ನಡೆದುಕೊಂಡು ಹೋದ.